ಎರಡನೆಯ ಕೂ

ನಾನು ನಿಂತಿದ್ದುದು ನಮ್ಮೂರಿನ ತಿರುವಿನಲ್ಲಿ, ಹಾಲಿನ ಡೈರಿಯ ಸಿಮೆಂಟು ಕಟ್ಟೆಯ ಮುಂದೆ. ಮಾರ್ಚ್ ತಿಂಗಳ ಒಂದು ಗುರುವಾರ. ಕೊಪ್ಪದ ಕಡೆಗೆ ಹೋಗುವ ಬೆಳಗಿನ ಬಸ್ಸು ಹೋಗಿ ಸ್ವಲ್ಪ ಹೊತ್ತಾಗಿತ್ತು. ಹಾಲು ಹಾಕಿ ಖಾಲಿಯಾದ ಕ್ಯಾನು ನನ್ನ ಎಡಗೈಯಲ್ಲಿತ್ತು. ಬಲಗೈಯ ಮಣಿಕಟ್ಟನ್ನು ಅಂಗಡಿ ಸಾಹೇಬರು ಹಿಡಿದಿದ್ದರು. ಅವರ ಅಂಗೈ ಒದ್ದೆಯಾಗಿತ್ತು. ಅದರಲ್ಲಿ ಹೊಸದೇನೂ ಇಲ್ಲ. ಬೇಸಿಗೆ, ಚಳಿ ಎನ್ನದೆ ಅವರ ಅಂಗೈ ಬೆವರುತ್ತಲೇ ಇರುತ್ತಿತ್ತು. ಹೆಗಲ ಟವೆಲ್ಲಿಗೆ ಕೈ ಒರೆಸಿ ಸಕ್ಕರೆ ತೂಗುತ್ತಿದ್ದರು, ಮತ್ತೆ ಒರೆಸಿ ಪೊಟ್ಟಣ ಕಟ್ಟುತ್ತಿದ್ದರು. ಆದರೆ ಆ ದಿನ ಅವರು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಗುರುತು ಸಂಜೆಯವರೆಗೂ ನನ್ನ ಕೈಮೇಲೆ ಉಳಿದಿತ್ತು. ಇದನ್ನು ಮೊದಲೇ ಬರೆದಿಡುತ್ತೇನೆ. ಯಾಕೆಂದರೆ ಆ ದಿನದ ಬಗ್ಗೆ ಅವರೇ ಆಮೇಲೆ ಬೇರೆ ಥರ ಹೇಳಿದರು.

ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಡೈರಿಯ ಪಕ್ಕದ ಜಿನಸಿ ಅಂಗಡಿ ಅವರದು, ಆದ್ದರಿಂದ ಅಂಗಡಿ ಸಾಹೇಬರು. ಅವರ ತಂದೆ ನರಸಿಂಹರಾಜಪುರದಿಂದ ಸೈಕಲ್ ಮೇಲೆ ಉಪ್ಪು, ಒಣಮೀನು ತಂದು ಮಾರುತ್ತಿದ್ದವರು. ಮಗ ಹರೆಯದಲ್ಲಿ ಘಟ್ಟದ ಕೆಳಗೆ ಯಾವುದೋ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದು, ನಮ್ಮ ತಿರುವಿನಲ್ಲಿ ಹೆಂಚಿನ ಅಂಗಡಿ ಹಾಕಿದರು. ನಾನು ಹುಟ್ಟುವ ಮೊದಲಿನ ಮಾತು ಇದು. ನಾನು ಕಂಡಾಗಿನಿಂದ ಅವರು ಗುಂಡಗೆ, ಕುಳ್ಳಗೆ ಇದ್ದರು, ಮೆಲ್ಲಗೆ ಮಾತಾಡುತ್ತಿದ್ದರು, ಮತ್ತು ಹೆದರುತ್ತಿದ್ದರು.

ಹೆದರುತ್ತಿದ್ದರು ಎನ್ನುವುದನ್ನು ಬಿಡಿಸಿ ಹೇಳಬೇಕು. ಕತ್ತಲೆಗಲ್ಲ, ಹಾವಿಗಲ್ಲ, ದೆವ್ವಕ್ಕಲ್ಲ. ಮನುಷ್ಯ ತನ್ನ ಕೈಯಾರೆ ಮಾಡಿಕೊಳ್ಳುವ ಅನಾಹುತಕ್ಕೆ. ಬೆಂಕಿಪೊಟ್ಟಣಗಳನ್ನು ಮುಚ್ಚಳವಿರುವ ಬಿಸ್ಕತ್ತು ಡಬ್ಬಿಯಲ್ಲಿ ಹಾಕಿ ಅಂಗಡಿಯ ಒಂದು ಮೂಲೆಯಲ್ಲಿ ಇಡುತ್ತಿದ್ದರು. ಎಣ್ಣೆ ಡಬ್ಬಿಗಳು ಇನ್ನೊಂದು ಮೂಲೆಗೆ. ರಸ್ತೆ ಬದಿಯ ಎಷ್ಟೋ ಅಂಗಡಿಗಳಲ್ಲಿ ಬಾಟಲಿಯಲ್ಲಿ ಪೆಟ್ರೋಲು ಸಿಗುತ್ತದೆ. ಇವರ ಹತ್ತಿರ ಸಿಗುತ್ತಿರಲಿಲ್ಲ. ದೀಪಾವಳಿಗೆ ಪಟಾಕಿ ತರುತ್ತಿರಲಿಲ್ಲ. ಬೀಡಿ ಮಾರುತ್ತಿದ್ದರು, ಆದರೆ ಕೊಂಡವನು ರಸ್ತೆ ದಾಟಿ ಹೋಗಿ ಹಚ್ಚಬೇಕಿತ್ತು. ಯಾರ ಮನೆಯ ಮದುವೆಗೆ ಹೋದರೂ ಅಡುಗೆ ನಡೆಯುವ ಹಿತ್ತಲಿಗೆ ಮೊದಲು ಹೋಗಿ, ಸಿಲಿಂಡರು ಎಲ್ಲಿದೆ ನೋಡಿ, ಆಮೇಲೆ ಬಂದು ಊಟಕ್ಕೆ ಕೂರುತ್ತಿದ್ದರು.

"ನನ್ನ ಮದ್ವೆ ದಿನಾನೂ ಹಂಗೇ," ಎಂದು ಅವರ ಹೆಂಡತಿ ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು. "ಚಪ್ಪರಕ್ಕೆ ಎಷ್ಟು ಬಾಗ್ಲು ಅಂತ ಎಣಿಸ್ತಾ ಕೂತಿದ್ರು. ನನ್ನ ಮುಖ ನೋಡಿದ್ದು ಆಮೇಲೆ."

"ನೋಡಿದ ಮೇಲೆ ಬಾಗ್ಲು ಹುಡುಕಿದ್ದೂ ಹೌದು," ಎನ್ನುತ್ತಿದ್ದರು ಸಾಹೇಬರು, ತಲೆ ಎತ್ತದೆ.

ಹೆಚ್ಚು ಚುಡಾಯಿಸುತ್ತಿದ್ದವರು ಡೈರಿಯ ಕಾರ್ಯದರ್ಶಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಗಟ್ಟಿ ಗಂಟಲಿನವರು. ಹಾಲು ಹಾಕುವ ಸಾಲಿನಲ್ಲಿ ಜನ ಸೇರಿದಾಗ ಅವರಿಗೆ ಹುರುಪು ಬರುತ್ತಿತ್ತು.

"ಸಾಹೇಬ್ರೇ, ಮೆಣಸಿನಪುಡಿ ಮಾರ್ತೀರಲ್ಲ, ಹೆದ್ರಿಕೆ ಆಗಲ್ವ? ಖಾರಕ್ಕೆ ಬೆಂಕಿ ಹತ್ತಿದ್ರೆ ಎಂತ ಕತೆ?"

"ಪಕ್ಕದಲ್ಲಿ ನೀನಿದೀಯಲ್ಲ ಮಾರಾಯ. ನಿನ್ನ ಹಾಲಲ್ಲಿರೋ ನೀರಲ್ಲೇ ಆರಿಸ್ತೀನಿ."

ನಾನು ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಪತ್ರಿಕೆ ಬಂದ ಕೂಡಲೇ ಸಾಹೇಬರು ಬಂದು ಒಳಪುಟದ ಸಣ್ಣ ಸುದ್ದಿ ಓದುತ್ತಿದ್ದರು. ಎಲ್ಲೋ ಗೋದಾಮು ಸುಟ್ಟದ್ದು, ಎಲ್ಲೋ ಬಾವಿಗೆ ಇಳಿದವರು ಉಸಿರುಗಟ್ಟಿ ಹೋದದ್ದು. ಓದಿ, ಪತ್ರಿಕೆ ಮಡಿಸಿ, ಅಂಗೈ ಒರೆಸಿಕೊಂಡು ಹೋಗುತ್ತಿದ್ದರು. ಒಮ್ಮೆ ನಾನು ಕೇಳಿದೆ, ಇಷ್ಟೊಂದು ಹೆದರಿದರೆ ಬದುಕುವುದು ಹೇಗೆ ಎಂದು.

"ಹೆದ್ರಿಕೆ ಅಂದ್ರೆ ಮನೆ ನಾಯಿ ಇದ್ದ ಹಂಗೆ ಮಾರಾಯ," ಎಂದರು. "ದಿನಾ ಸುಮ್‌ಸುಮ್ನೆ ಬೊಗಳ್ತದೆ. ಕಳ್ಳ ಬರೋದು ಒಂದೇ ದಿನ. ಅದಕ್ಕೆ ಆ ದಿನ ಯಾವ್ದು ಅಂತ ಗೊತ್ತಿರಲ್ಲ."

ಘಟ್ಟದ ಕೆಳಗೆ ಏನಾಗಿತ್ತು ಎಂದೂ ಕೇಳಿದ್ದೆ. "ನೋಡಿದೀನಿ" ಎಂದರು. ಅಷ್ಟೆ.

ಅವರ ಒತ್ತಾಯಕ್ಕೇ ಪಂಚಾಯ್ತಿಯವರು ಒಂದು ವರ್ಷ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಶಾಲೆಯ ಬಯಲಿನಲ್ಲಿ ಪ್ರಾತ್ಯಕ್ಷಿಕೆ ಮಾಡಿಸಿದರು. ಊರಿನವರು ಬಂದದ್ದು ಬೋಂಡಾ, ಚಹಾ ಉಂಟು ಎಂಬ ಸುದ್ದಿಗೆ. ಸಿಲಿಂಡರಿಗೆ ಬೆಂಕಿ ಹಚ್ಚಿ ಒದ್ದೆ ಗೋಣಿಯಿಂದ ಆರಿಸಿ ತೋರಿಸಿದರು. ಗ್ಯಾಸು ಗಾಳಿಗಿಂತ ಭಾರ, ತಗ್ಗಿಗೆ ಹರಿಯುತ್ತದೆ, ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಗಾಳಿ ಬರುವ ಕಡೆಗೆ, ಎತ್ತರಕ್ಕೆ ಹೋಗಿ ಎಂದರು. ಬಂದ ಅಧಿಕಾರಿ, "ನಿಮ್ಮ ಮನೇಲಿ ಎಷ್ಟು ಒಲೆ ಇದೆ?" ಎಂದು ಕೇಳಿದಾಗ ಎಲ್ಲರೂ ಒಂದು ಎಂದರು. ಸಾಹೇಬರು ಮಾತ್ರ ಎದ್ದು ನಿಂತು, "ಎರಡು ಸಾರ್. ಬಚ್ಚಲಲ್ಲಿ ಒಂದದೆ," ಎಂದರು. ಜನ ನಕ್ಕರು. ಬಚ್ಚಲ ಒಲೆಯನ್ನು ನಮ್ಮಲ್ಲಿ ಯಾರೂ ಒಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಂಡೆಯ ಕೆಳಗೆ ಬೆಳಗಾಗುವ ಮೊದಲೇ ಸೌದೆಯ ಕುಂಟೆ ತುರುಕಿದರೆ ಮಧ್ಯಾಹ್ನದವರೆಗೆ ಬೂದಿಯೊಳಗೆ ಕೆಂಡ ಇರುತ್ತದೆ. ಅದು ಉರಿಯುತ್ತಿದೆ ಎಂಬುದೇ ಮನೆಯವರಿಗೆ ಮರೆತಿರುತ್ತದೆ.

ಆ ಗುರುವಾರ ನಡೆದದ್ದನ್ನು ಈಗ ಬರೆಯುತ್ತೇನೆ. ನೋಡಿದ್ದನ್ನು ಮಾತ್ರ.

ಮೊದಲು ಜಾಗ ಹೇಳಬೇಕು. ತಿರುವಿನ ಕೆಳಗೆ ಒಂದು ತಗ್ಗು, ಅದರಲ್ಲಿ ಗದ್ದೆ. ಗದ್ದೆಯ ಆಚೆ ಬದಿಗೆ ಮೂರು ಮನೆ. ನಡುವಿನದು ನಮ್ಮದು. ಮನೆಗಳ ಬೆನ್ನಿಗೇ ಗುಡ್ಡ ಏಳುತ್ತದೆ, ಅದರ ನೆತ್ತಿಯ ಮೇಲೆ ಪಂಚಾಯ್ತಿಯ ನೀರಿನ ಟ್ಯಾಂಕು. ರಸ್ತೆ ತಿರುವಿನಿಂದ ತಗ್ಗನ್ನು ಬಳಸಿಕೊಂಡು ಆ ಗುಡ್ಡದ ಪಕ್ಕಕ್ಕೆ ಹೋಗುತ್ತದೆ. ತಿರುವಿನಲ್ಲಿ ನಿಂತರೆ ನಮ್ಮ ಅಂಗಳ ಕಾಣುತ್ತದೆ, ಅಂಗಳದಲ್ಲಿ ನಿಂತವರು ಯಾರು ಎಂಬುದೂ ತಿಳಿಯುತ್ತದೆ, ಆದರೆ ಮಾತು ಮುಟ್ಟುವುದಿಲ್ಲ. ತಗ್ಗಿನಲ್ಲಿ ಫೋನು ಹತ್ತುವುದಿಲ್ಲ.

ಅಡುಗೆ ಗ್ಯಾಸಿನ ಟ್ಯಾಂಕರು ಶೃಂಗೇರಿ ಕಡೆಯಿಂದ ಬಂತು. ಬ್ರೇಕು ಏನಾಯಿತೋ, ಎದುರಿಗೆ ಏನು ಬಂತೋ ನನಗೆ ಗೊತ್ತಿಲ್ಲ. ನಾನು ಆಗ ಕ್ಯಾನು ತೊಳೆಯುತ್ತಿದ್ದೆ. ಸದ್ದಿಗೆ ತಿರುಗಿದಾಗ ಅದು ತಿರುವಿನ ಅಂಚಿನಲ್ಲಿ ಮಗ್ಗುಲಾಗಿ ಮಲಗಿತ್ತು, ಒಂದು ಚಕ್ರ ಇನ್ನೂ ಸುತ್ತುತ್ತಿತ್ತು. ಡ್ರೈವರು ಮುರಿದ ಗಾಜಿನಿಂದ ತಾನೇ ಹೊರಗೆ ಬಂದು ರಸ್ತೆಯ ಮೇಲೆ ಕುಳಿತ. ಹಣೆಯಲ್ಲಿ ರಕ್ತ ಇತ್ತು. ಆಮೇಲೆ ಸೀಟಿ ಕೇಳಿತು, ಕುಕ್ಕರಿನ ಸೀಟಿಯ ಹಾಗೆ, ಆದರೆ ನಿಲ್ಲಲಿಲ್ಲ. ಟ್ಯಾಂಕರಿನ ಹಿಂಬದಿಯಿಂದ ಬೆಳ್ಳಗಿನ ಮಂಜು ಬಂದು, ಮೇಲೆ ಏಳದೆ, ನೆಲ ಹಿಡಿದುಕೊಂಡು ಗದ್ದೆಗೆ ಇಳಿಯತೊಡಗಿತು. ಅದು ಮುಟ್ಟಿದ ಹುಲ್ಲು ಬೆಳ್ಳಗಾಯಿತು. ವಾಸನೆ ನಮಗೆಲ್ಲ ಗೊತ್ತಿರುವ ಅಡುಗೆಮನೆಯ ವಾಸನೆಯೇ. ಆದರೆ ಬಯಲಿನಲ್ಲಿ, ಅಷ್ಟು ದಟ್ಟವಾಗಿ.

ಆಗ ಡೈರಿ ಕಾರ್ಯದರ್ಶಿ ಕೂ ಹಾಕಿದರು.

ಅವರನ್ನು ಯಾರೂ ತಪ್ಪು ಎನ್ನುವ ಹಾಗಿಲ್ಲ. ನಮ್ಮ ಕಡೆ ಮನೆಗಳು ದೂರ ದೂರ. ಯಾರಾದರೂ ಮರದಿಂದ ಬಿದ್ದರೆ, ಹುಲ್ಲಿನ ಬಣವೆಗೆ ಬೆಂಕಿ ಹತ್ತಿದರೆ, ದನ ಬಾವಿಗೆ ಬಿದ್ದರೆ, ಅಂಗಳಕ್ಕೆ ಬಂದು ಗಂಟಲು ಬಿಟ್ಟು ಕೂ ಎನ್ನುತ್ತೇವೆ. ಕೇಳಿದವರು ಕೂ ಎಂದು ಓಗೊಟ್ಟು, ಕೈಗೆ ಸಿಕ್ಕಿದ ಕತ್ತಿಯೋ ಕೊಡಪಾನವೋ ಹಗ್ಗವೋ ಹಿಡಿದು ಆ ದನಿಯ ಕಡೆಗೆ ಓಡುತ್ತಾರೆ. ಯಾಕೆ ಎಂದು ಕೇಳುವುದಿಲ್ಲ. ಕೂ ಎಂದರೆ ಬನ್ನಿ ಎಂದೇ. ಬರಬೇಡಿ ಎನ್ನುವುದಕ್ಕೆ ನಮ್ಮಲ್ಲಿ ಕೂ ಇಲ್ಲ.

ತಗ್ಗಿನಿಂದ ಓಗೊಟ್ಟ ದನಿಗಳು ಬಂದವು. ಮೂರು ಮನೆಯ ಅಂಗಳಕ್ಕೂ ಜನ ಬಂದರು. ನನ್ನ ಹೆಂಡತಿ ಕೊಡಪಾನ ಸೊಂಟಕ್ಕೆ ಇಟ್ಟುಕೊಂಡು, ಮಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಗದ್ದೆಯ ಬದುವಿಗೆ ಇಳಿದಳು. ಮಗಳಿಗೆ ಆಗ ಐದು. ಅವರು ನೆಟ್ಟಗೆ ಟ್ಯಾಂಕರಿನ ಕಡೆಗೆ, ಆ ಬಿಳಿಯ ಕಡೆಗೆ ಬರುತ್ತಿದ್ದರು.

ಕಾರ್ಯದರ್ಶಿಗೆ ಆಗ ಹೊಳೆಯಿತು. "ಬರಬ್ಯಾಡಿ, ಬರಬ್ಯಾಡಿ" ಎಂದು ಕೈಬೀಸಿ ಕೂಗಿದರು. ದೂರದಿಂದ ಅದು ಕರೆದ ಹಾಗೇ ಕಾಣುತ್ತದೆ. ಅವರು ಇನ್ನೂ ಬಿರುಸಾಗಿ ನಡೆದರು.

ನಾನು ಕೆಳಗೆ ಜಿಗಿಯಲು ಹೊರಟಾಗ ಸಾಹೇಬರು ನನ್ನ ಕೈ ಹಿಡಿದದ್ದು.

"ಇಳೀಬ್ಯಾಡ."

"ಸಾಹೇಬ್ರೇ, ನನ್ನ ಕೂಸು ಅಲ್ಲಿ..."

"ಇಳಿದ್ರೆ ನಿನ್ನ ಕಂಡು ಇನ್ನೂ ಓಡಿ ಬರ್ತಾರೆ. ನೀನು ಬಿದ್ದರೆ ಎತ್ತೋಕೆ ಬರ್ತಾರೆ. ಬಾ ನನ್ನ ಜೊತೆ."

ಬಾಗಿ ರಸ್ತೆಯ ಮಣ್ಣು ಒಂದು ಚಿಟಿಕೆ ತೆಗೆದು ಬಿಟ್ಟರು. ಅದು ನಮ್ಮ ಮುಖಕ್ಕೇ ಬಂತು. ಗಾಳಿ ನೀರಿನ ಟ್ಯಾಂಕಿನ ಗುಡ್ಡದ ಕಡೆಯಿಂದ ಬೀಸುತ್ತಿತ್ತು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ, "ಸ್ವಿಚ್ ಮುಟ್ಟಬ್ಯಾಡ, ಹಂಗೇ ಬಿಟ್ಟು ಬಾ," ಎಂದರು. ಕಾರ್ಯದರ್ಶಿಗೆ, "ಡ್ರೈವರನ್ನ ಎಳ್ಕೊಂಡು, ಇವಳನ್ನೂ ಕರ್ಕೊಂಡು ಆಚೆ ಹೋಗು. ಬೈಕ್ ಬಂದ್ರೆ ಅಲ್ಲೇ ನಿಲ್ಸು. ದೂರ ಹೋದ ಮೇಲೆ ಫೋನ್ ಮಾಡು, ಇಲ್ಲಲ್ಲ. ಇನ್ನು ಕೂ ಹಾಕ್ಬ್ಯಾಡ ಮಾರಾಯ, ನಿನ್ನ ಕಾಲು ಹಿಡೀತೀನಿ," ಎಂದರು. ಇಷ್ಟೂ ಮಾತನ್ನು ಅವರು ಎಂದಿನ ಮೆಲುದನಿಯಲ್ಲೇ ಹೇಳಿದರು.

ಆಮೇಲೆ ಓಡಿದರು. ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಆ ಗುಂಡಗಿನ ದೇಹ ರಸ್ತೆಯಲ್ಲಿ ಓಡಿದ್ದನ್ನು ನಾನು ಹಿಂದಿನಿಂದ ನೋಡುತ್ತ ಓಡಿದೆ. ಗುಡ್ಡದ ಬುಡದಲ್ಲಿ ಒಮ್ಮೆ ಮುಗ್ಗರಿಸಿ ಬಿದ್ದರು. ನಾನು ಎತ್ತಿದೆ. ಎದೆ ಹಿಡಿದುಕೊಂಡು ಮತ್ತೆ ಹತ್ತಿದರು. ನೀರಿನ ಟ್ಯಾಂಕಿನ ಹತ್ತಿರ ಬಂದು ತಿರುಗಿ ನೋಡಿದಾಗ ಬಿಳಿ ಮಂಜು, ಗಾಳಿ ಎದುರಿಗಿದ್ದರೂ, ತಗ್ಗು ಹಿಡಿದು ಗದ್ದೆಯ ನಡುವಿನ ಬದುವನ್ನು ದಾಟಿತ್ತು. ಇತ್ತ ಕಡೆಯಿಂದ ನಮ್ಮವರು ಅದರ ಹತ್ತಿರಕ್ಕೆ ನಡೆಯುತ್ತಲೇ ಇದ್ದರು.

"ಹಾಕು," ಎಂದರು ಸಾಹೇಬರು.

ನಾನು ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಮತ್ತೊಮ್ಮೆ ತೆರೆದೆ. ಬರಲಿಲ್ಲ. ಅದನ್ನು ನಾನು ಹೇಗೆ ವಿವರಿಸಲಿ? ಕೆಳಗೆ ಮಗಳ ಕೆಂಪು ಲಂಗ ಕಾಣುತ್ತಿತ್ತು.

ಆಗ ಸಾಹೇಬರು ಕೂ ಹಾಕಿದರು. ಅವರು ಎಂದೂ ಕೂ ಹಾಕಿದವರಲ್ಲ. ಮೊದಲನೆಯದು ಮೇಕೆಮರಿಯ ದನಿಯ ಹಾಗೆ ಹೊರಟು ನಡುವೆಯೇ ಮುರಿಯಿತು. ಎರಡನೆಯ ಸಲ ಎರಡೂ ಕೈಯನ್ನು ಬಾಯಿಗೆ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆಯಿಂದ ಎಳೆದು ಹಾಕಿದರು. ಅದು ತಗ್ಗಿಗೆ ಮುಟ್ಟಿತು. ಬದುವಿನ ಮೇಲೆ ಎಲ್ಲರೂ ನಿಂತರು.

ನಿಂತರು, ತಿರುಗಲಿಲ್ಲ. ಎರಡು ಕಡೆಯಿಂದ ಕೂ ಬಂದರೆ ಏನು ಮಾಡಬೇಕು? ನಮ್ಮಲ್ಲಿ ಯಾರೂ ಯಾರಿಗೂ ಕಲಿಸದ, ಆದರೆ ಎಲ್ಲರಿಗೂ ಗೊತ್ತಿರುವ ಒಂದು ಲೆಕ್ಕ ಇದೆ: ನಿಲ್ಲದ ದನಿಯ ಕಡೆಗೆ ಹೋಗಬೇಕು. ಕಷ್ಟದಲ್ಲಿ ಇರುವವನು ನಿಲ್ಲಿಸುವುದಿಲ್ಲ. ಸಾಹೇಬರು ನಿಲ್ಲಿಸಲಿಲ್ಲ. ಒಂದರ ಬಾಲಕ್ಕೆ ಇನ್ನೊಂದು ಕೂ, ಉಸಿರು ತೆಗೆದುಕೊಳ್ಳುವಷ್ಟೇ ಬಿಡುವು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಅತ್ತ ತಿರುವಿನಿಂದ ಯಾವ ದನಿಯೂ ಬರಲಿಲ್ಲ. ಕಾರ್ಯದರ್ಶಿ ಸಾಹೇಬರ ಮಾತು ಕೇಳಿದ್ದರು.

ಮೊದಲು ತಿರುಗಿದ್ದು ನನ್ನ ಹೆಂಡತಿ. ಆಮೇಲೆ ಅವಳು ಹೇಳಿದಳು: "ಯಾರದ್ದು ದನಿ ಅಂತ ಗೊತ್ತಾಗ್ಲಿಲ್ಲ. ಯಾರೋ ಸಾಯ್ತಿದಾರೆ ಅಂತ ಅನ್ನಿಸ್ತು. ಅದಕ್ಕೆ ಆ ಕಡೆ ಓಡ್ದೆ." ಅವಳು ತಿರುಗಿದ್ದು ಕಂಡು ಉಳಿದವರೂ ತಿರುಗಿದರು. ಮನೆಗಳ ಹಿಂದಿನ ಕಾಲುದಾರಿ ಹಿಡಿದು, ಕೊಡಪಾನ ಕತ್ತಿಗಳ ಸಮೇತ ಹತ್ತಿ ಬಂದರು. ಪಕ್ಕದ ಮನೆಯ ಮುದುಕಿಯನ್ನು ಅವಳ ಮಗ ಬೆನ್ನ ಮೇಲೆ ಹೊತ್ತಿದ್ದ.

ಎಲ್ಲರೂ ಮೇಲೆ ಬಂದ ಮೇಲೂ ಸಾಹೇಬರು ಕೂ ಹಾಕುತ್ತಲೇ ಇದ್ದರು. ನಾನು ಭುಜ ಹಿಡಿದು ಅಲುಗಿಸಿದಾಗ ಕಣ್ಣು ತೆರೆದರು. ಒಬ್ಬೊಬ್ಬರನ್ನೇ ನೋಡಿದರು. ನನ್ನ ಹೆಂಡತಿಯ ಕಡೆಗೆ ಕೈ ತಿರುವಿ, ಒಲೆಯ ತಿರುಪು ತಿರುಗಿಸುವ ಹಾಗೆ ಸನ್ನೆ ಮಾಡಿದರು.

"ಗ್ಯಾಸ್ ಆರಿಸಿ ಬಂದಿದೀನಿ ಸಾಹೇಬ್ರೇ."

"ಬಚ್ಚಲು?" ಎಂದರು. ಅದು ಮಾತಲ್ಲ, ಮರದ ಮೇಲೆ ಗರಗಸ ಎಳೆದ ಸದ್ದು.

ಅವಳು ಕೆಳಗೆ ನಮ್ಮ ಬಚ್ಚಲಿನ ಹೆಂಚಿನ ಕಡೆಗೆ ನೋಡಿದಳು. ಉಳಿದ ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳು, "ಕೊಟ್ಟಿಗೇಲಿ ದನ ಕಟ್ಟಿದೀನಿ" ಎಂದು ಕಾಲುದಾರಿಗೆ ತಿರುಗಿದಳು. ಸಾಹೇಬರು ದಾರಿಗೆ ಅಡ್ಡ ನಿಂತು ಎರಡೂ ತೋಳು ಚಾಚಿದರು. ತಲೆ ಅಲ್ಲಾಡಿಸಿದರು. ಅವಳು ತಳ್ಳಿ ಹೋಗಲು ನೋಡಿದಳು. ಅವರು ಕದಲಲಿಲ್ಲ.

ನಾವು ಗುಡ್ಡದ ಆಚೆ ಮಗ್ಗುಲಿಗೆ ಸರಿಯುತ್ತಿದ್ದಾಗ ಅದು ಹತ್ತಿತು. ನಾನು ಹಿಂದೆ ತಿರುಗಿ ನೋಡಿದೆ, ಆದ್ದರಿಂದ ಬರೆಯಬಲ್ಲೆ. ದೊಡ್ಡ ಒದ್ದೆ ಕಂಬಳಿಯನ್ನು ಯಾರೋ ಒಮ್ಮೆ ಕೊಡವಿದ ಹಾಗೆ ಸದ್ದಾಯಿತು. ನಮ್ಮ ಬಚ್ಚಲಿನ ಹೆಂಚುಗಳು ಎದ್ದವು. ಬೆಂಕಿ ನಾನು ಅಂದುಕೊಂಡ ಹಾಗೆ ಕೆಂಪಗೆ ಇರಲಿಲ್ಲ. ಮೊದಲು ಗದ್ದೆಯ ಮೇಲಿನ ಗಾಳಿಯೇ ನಡುಗಿದ ಹಾಗೆ, ಆಮೇಲೆ ನೀಲಿ, ಆಮೇಲೆ ಹಳದಿ. ಅದು ಬದುವಿನ ಮೇಲೆ, ನಮ್ಮವರು ನಿಂತಿದ್ದ ಜಾಗದ ಮೇಲೆ ಹಾದು, ಟ್ಯಾಂಕರಿನವರೆಗೆ ಓಡಿತು. ಅಷ್ಟು ದೂರಕ್ಕೂ ಮುಖಕ್ಕೆ ಕಾವು ತಟ್ಟಿತು. ಕೊಟ್ಟಿಗೆಯಿಂದ ದನ ಒಂದೇ ಸಲ ಕೂಗಿತು.

ಅಗ್ನಿಶಾಮಕದವರು ಬಂದು ಸಂಜೆಯವರೆಗೆ ಟ್ಯಾಂಕರಿಗೆ ನೀರು ಹೊಡೆದರು. ಅದು ಸಿಡಿಯಲಿಲ್ಲ. ಮೂರು ಮನೆಯ ಹೆಂಚಿನ ಮಾಡು ಹೋಯಿತು, ದನ ಹೋಯಿತು. ಮನುಷ್ಯರು ಯಾರೂ ಹೋಗಲಿಲ್ಲ.

ಸಾಹೇಬರ ದನಿ ಮತ್ತೆ ಸರಿಯಾಗಿ ಬರಲಿಲ್ಲ. ಶಿವಮೊಗ್ಗದಲ್ಲಿ ತೋರಿಸಿದರು, ಔಷಧಿ ತಿಂದರು. ಗಿರಾಕಿ ಏನು ಕೇಳಿದರೂ ಪಿಸುಮಾತಿನಲ್ಲಿ ಉತ್ತರ. ಊರು ಅವರನ್ನು ಗೌರವದಿಂದ ನೋಡತೊಡಗಿತು, ಅದು ಅವರಿಗೆ ಹಿಡಿಸಲಿಲ್ಲ. "ಈಗ ಯಾರೂ ಬೈಯೋದೇ ಇಲ್ಲ ಮಾರಾಯ," ಎಂದು ಒಂದು ದಿನ ಗ್ರಂಥಾಲಯದಲ್ಲಿ ಪಿಸುಗುಟ್ಟಿದರು. "ಅಂಗಡಿ ಬಿಕೋ ಅಂತದೆ."

ಅದೇ ದಿನ ನಾನು ಧೈರ್ಯ ಮಾಡಿ, ನೀವಿಲ್ಲದಿದ್ದರೆ ನನ್ನ ಹೆಂಡತಿ ಮಗಳು ಇರುತ್ತಿರಲಿಲ್ಲ ಎಂದೆ. ಅವರು ಕೈ ಒರೆಸಿಕೊಂಡರು.

"ಹಂಗೆಲ್ಲ ಬರೀಬ್ಯಾಡ ಎಲ್ಲೂ. ನಾನು ಕೂ ಹಾಕೋಕೆ ಅಂತ ಓಡಿದ್ದಲ್ಲ. ಹೆದರಿ ಓಡಿದ್ದು. ಮೇಲೆ ಹೋಗಿ ನಿಂತ ಮೇಲೆ ಕೆಳಗಿನವರು ಕಂಡ್ರು. ಆಗ ನಾಚಿಕೆ ಆಯ್ತು, ಅದಕ್ಕೆ ಕೂಗ್ದೆ."

ಇದು ನಿಜವೇ? ಅವರು ಸುಳ್ಳು ಹೇಳುವವರಲ್ಲ. ಆದರೆ ನನ್ನ ಕೈ ಹಿಡಿದವರು ಅವರು, ಚಿಟಿಕೆ ಮಣ್ಣು ಬಿಟ್ಟವರು, "ಬಾ ನನ್ನ ಜೊತೆ" ಎಂದವರು ಅವರು. ನಾನು ಕಂಡದ್ದನ್ನೂ ಅವರು ಹೇಳಿದ್ದನ್ನೂ ಎರಡನ್ನೂ ಇಲ್ಲಿ ಇಟ್ಟಿದ್ದೇನೆ. ಹೆದರಿ ಓಡುವವನು ಇನ್ನೊಬ್ಬನ ಕೈ ಹಿಡಿದುಕೊಂಡೂ ಓಡಬಹುದು. ಅಂಥ ಹೆದರಿಕೆ ನನಗೂ ಇರಲಿ ಎಂದು ಮಾತ್ರ ಬೇಡಿಕೊಳ್ಳುತ್ತೇನೆ.

ಈಗ ನಮ್ಮೂರಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ರಸ್ತೆಯಲ್ಲಿ ಏನೇ ಆಗಲಿ, ಕೂ ಅಲ್ಲಿಂದ ಹಾಕುವಂತಿಲ್ಲ. ಗಾಳಿ ನೋಡಿ, ಎತ್ತರದ ಜಾಗಕ್ಕೆ ಹೋಗಿ ಹಾಕಬೇಕು. ವರ್ಷಕ್ಕೊಮ್ಮೆ, ಗದ್ದೆ ಕೊಯ್ಲು ಮುಗಿದ ಮೇಲೆ, ಅಭ್ಯಾಸ ಮಾಡುತ್ತೇವೆ. ಬಚ್ಚಲ ಒಲೆಗೆ ನೀರು ಸುರಿದು ಹೊರಡುವುದು ಮೊದಲ ಕೆಲಸ. ಆ ದಿನ ಯಾರೂ ನಗುವುದಿಲ್ಲ. ನನಗೆ ಈಗಲೂ ಭಾರದ ಲಾರಿ ತಿರುವಿನಲ್ಲಿ ಗೇರು ಬದಲಿಸುವ ಸದ್ದು ಕೇಳಿದರೆ ಎದ್ದು ಅಂಗಳಕ್ಕೆ ಬರದೆ ಇರಲು ಆಗುವುದಿಲ್ಲ. ನನ್ನ ಹೆಂಡತಿಯೂ ಬಂದಿರುತ್ತಾಳೆ. ಲಾರಿ ದಾಟಿ ಹೋದ ಮೇಲೆಯೇ ನಾವು ಒಳಗೆ ಹೋಗುತ್ತೇವೆ.

ಸಾಹೇಬರು ಹೋದ ವರ್ಷ ತೀರಿಕೊಂಡರು. ಎದೆ ನೋವು ಎಂದು ಕೊಪ್ಪಕ್ಕೆ ಕರೆದುಕೊಂಡು ಹೋಗುವಾಗ ಜೀಪಿನಲ್ಲೇ ಹೋದರು. ಜೀಪಿನಲ್ಲಿ ಅವರ ತಲೆ ಹಿಡಿದುಕೊಂಡಿದ್ದವರು ಡೈರಿ ಕಾರ್ಯದರ್ಶಿ. ದಫನಿನ ದಿನ ಮೂರು ಮನೆಯ ಗಂಡಸರೂ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿ ಬಂದೆವು.

ಆ ಬೆಳಿಗ್ಗೆಯನ್ನು ಕಣ್ಣಾರೆ ಕಂಡವರಲ್ಲಿ ಈಗ ಇರುವವರು ಇಷ್ಟು. ಡೈರಿ ಕಾರ್ಯದರ್ಶಿ, ಅವರನ್ನು ಕೇಳಿದರೆ ಮೊದಲ ಕೂ ತನ್ನದು ಎಂದು ಅವರೇ ಹೇಳುತ್ತಾರೆ. ಟ್ಯಾಂಕರಿನ ಡ್ರೈವರು; ಹಣೆಯಲ್ಲಿ ಗುರುತು ಇದೆ, ಘಟ್ಟದ ಕೆಳಗೆ ತನ್ನ ಊರಿನಲ್ಲಿ ಆಟೋ ಓಡಿಸುತ್ತಾನೆ. ಸಾಹೇಬರ ಹೆಂಡತಿ, ಅಂಗಡಿ ಈಗ ಅವರದು. ಪಕ್ಕದ ಮನೆಯ ಮಗ, ಮತ್ತು ಅವನು ಹೊತ್ತು ತಂದ ಮುದುಕಿ. ಅವಳಿಗೆ ಕಿವಿ ಈಗ ಪೂರಾ ಕೇಳುವುದಿಲ್ಲ. ಆಚೆ ಮನೆಯ ಗಂಡ ಹೆಂಡತಿ. ನಾನು. ಬದುವಿನ ಮೇಲೆ ಮೊದಲು ತಿರುಗಿದ ನನ್ನ ಹೆಂಡತಿ. ಮತ್ತು ನಮ್ಮ ಮಗಳು. ಅವಳಿಗೆ ಮಂಜಾಗಲಿ, ಬೆಂಕಿಯಾಗಲಿ, ಆ ದನಿಯಾಗಲಿ ನೆನಪಿಲ್ಲ. ಅಮ್ಮ ಕೈ ಎಳೆದು ನೋವಾಯಿತು ಎಂದಷ್ಟೇ ಹೇಳುತ್ತಾಳೆ.